ಮಗು ಜಾಣ, ಅಪ್ಪ ಅಮ್ಮ ಮ್ಯಾನೇಜರ್

ಡೊಂಬಿವಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಎಷ್ಟೋ ಕನ್ನಡದ ಮನೆಗಳಲ್ಲಿ ಒಂದೇ ನಾಟಕ ನೋಡಿದ್ದೇನೆ. ಚಹಾಕ್ಕಿಂತ ಮೊದಲು ಮಗು ಬರುತ್ತದೆ. "ಅಂಕಲ್‌ಗೆ ಹತ್ತೊಂಬತ್ತರ ಮಗ್ಗಿ ಹೇಳು ಪುಟ್ಟಾ." ಮಗು ಹೇಳುತ್ತದೆ, ನಾವು ಭೇಷ್ ಅನ್ನುತ್ತೇವೆ, ಅಪ್ಪನ ಎದೆ ಉಬ್ಬುತ್ತದೆ. ಆಮೇಲೆ ಪಟ್ಟಿ ಶುರು: ಅಬಾಕಸ್, ಒಲಿಂಪಿಯಾಡ್, ಹೋಮಿ ಭಾಭಾ ಪರೀಕ್ಷೆಯ ಕ್ಲಾಸು, ಆರನೇ ತರಗತಿಗೇ ಐಐಟಿ ಫೌಂಡೇಶನ್, ಭಾನುವಾರ ಕೀಬೋರ್ಡ್.

ಇದಕ್ಕೆ ಅವರು ಪ್ರೋತ್ಸಾಹ ಅನ್ನುತ್ತಾರೆ. ನಾನಂತೂ ಪ್ರದರ್ಶನ ಅನ್ನುತ್ತೇನೆ.

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ನೆನಪಿಸಿಕೊಳ್ಳಿ. ತಂದೆ ಸರ್ಕಸ್ಸಿನಲ್ಲಿದ್ದವರು. ಇಸ್ಪೀಟಿನ ಆಟದಲ್ಲಿ ಮಗಳ ನೆನಪಿನ ಶಕ್ತಿ ಕಂಡು, ಸರ್ಕಸ್ ಬಿಟ್ಟು, ಅವಳನ್ನೇ ಊರೂರು ಕರೆದೊಯ್ದು ಶೋ ಕೊಡಿಸಿದರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಆಕೆ 28 ಸೆಕೆಂಡಿನಲ್ಲಿ ಗುಣಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಹುಡುಗಿಗೆ ಶಾಲೆಯ ಓದು ಮಾತ್ರ ದಕ್ಕಲಿಲ್ಲ. ಅವರದು ಬಡತನದ ಮನೆ, ಅಪ್ಪನಿಗೆ ಬೇರೆ ದಾರಿ ಕಾಣಲಿಲ್ಲವೇನೋ. ಸ್ವಂತ ಫ್ಲಾಟು, ಪ್ರಾವಿಡೆಂಟ್ ಫಂಡು ಇರುವ ನಮಗೇನಾಗಿದೆ ಸ್ವಾಮೀ?

ಇನ್ನೊಂದು ಮನೆ ನೋಡಿ. ವಿಶ್ವನಾಥನ್ ಆನಂದ್‌ಗೆ ಆರನೇ ವಯಸ್ಸಿಗೆ ಚೆಸ್ ಕಲಿಸಿದ್ದು ತಾಯಿ ಸುಶೀಲಾ. ತಂದೆಯ ಕೆಲಸದಿಂದಾಗಿ ಕೆಲಕಾಲ ಮನಿಲಾದಲ್ಲಿದ್ದರು, ನಮ್ಮ ಹಾಗೆ ಊರು ಬಿಟ್ಟವರೇ. ಅಲ್ಲಿ ಹುಡುಗ ಶಾಲೆಯಲ್ಲಿರುವ ಹೊತ್ತಿಗೆ ಟೀವಿಯಲ್ಲಿ ಚೆಸ್ ಕಾರ್ಯಕ್ರಮ. ಅದರ ಒಗಟುಗಳನ್ನು ಅಮ್ಮ ಬರೆದಿಟ್ಟುಕೊಂಡು, ಅವನು ಬಂದ ಮೇಲೆ ಇಬ್ಬರೂ ಕೂತು ಬಿಡಿಸುತ್ತಿದ್ದರು. ಬಹುಮಾನ ಪುಸ್ತಕ. ಎಷ್ಟು ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ತಗೊಂಡು ಹೋಗು, ಇನ್ನು ಉತ್ತರ ಕಳಿಸಬೇಡ ಅಂದರಂತೆ! ಆ ತಾಯಿ ಕೊಟ್ಟದ್ದು ತನ್ನ ಹೊತ್ತು. ನಾವು ಕೊಡುವುದು ಫೀಸು.

ಹೊಗಳಿಕೆಯ ವಿಷಯಕ್ಕೂ ಬರುತ್ತೇನೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದವು. ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಅಂದರು. ಬುದ್ಧಿವಂತ ಅನ್ನಿಸಿಕೊಂಡವರು ಸುಲಭದ ಲೆಕ್ಕವನ್ನೇ ಆರಿಸಿಕೊಂಡರು, ಸೋತ ಮೇಲೆ ಬೇಗ ಕೈಚೆಲ್ಲಿದರು, ತಮ್ಮ ಅಂಕ ಹೆಚ್ಚಿಸಿ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ಜಾಣ ಅನ್ನೋ ಹೆಸರು ಉಳಿಸಿಕೊಳ್ಳಬೇಕಲ್ಲ! ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಶಾಲು, ಮೈಕು ಕೊಟ್ಟು ನಾವು ಮಕ್ಕಳ ತಲೆಮೇಲೆ ಹೊರಿಸುವುದು ಇದೇ ಹೆಸರನ್ನು.

"ಇದು ಕಾಂಪಿಟೀಷನ್ ಕಾಲ ರೀ, ಹೇಳೋದು ಸುಲಭ" ಅನ್ನುತ್ತೀರಿ. ಗೊತ್ತು. ಮಾರ್ಕ್ಸ್ ಕಾರ್ಡ್ ಒಂದನ್ನೇ ನಂಬಿ ಊರು ಬಿಟ್ಟವರು ನಾವು, ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಹೋಮಿ ಭಾಭಾ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಪ್ರಯೋಗ, ಪ್ರಾಜೆಕ್ಟ್ ಇಟ್ಟಿರುವುದು ಮಗು ತಾನೇ ಮಾಡಿ ನೋಡಲಿ ಅಂತ. ಬೇರೆಯವರು ಬರೆದುಕೊಟ್ಟ ಪ್ರಾಜೆಕ್ಟನ್ನು ಬಾಯಿಪಾಠ ಮಾಡಿಸುವ ಕ್ಲಾಸನ್ನೂ ನಾನು ಕಂಡಿದ್ದೇನೆ. ಅಲ್ಲಿ ಮಗು ಕಲಿತದ್ದು ವಿಜ್ಞಾನವೋ, ಮೋಸವೋ?

ಇನ್ನು "ಹೊರೆಯಾಗುತ್ತೆ" ಅಂತ ಜಾಣ ಮಗುವಿನ ಮನೆಯಿಂದ ಮೊದಲು ಹೊರಬೀಳುವುದು ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಮೂರನ್ನೂ ನಿಭಾಯಿಸುವ ಮಗುವಿಗೆ ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವ ಭಾಷೆ ಭಾರವಾಯಿತೇ?

ಒಂದು ಕೆಲಸ ಮಾಡಿ. ಈ ತಿಂಗಳು ಯಾವುದಾದರೂ ಒಂದು ಕ್ಲಾಸು ಬಿಡಿಸಿ. ಆ ಹೊತ್ತನ್ನು ಖಾಲಿ ಬಿಡಿ. ಬೇಜಾರು ಅಂತ ಎರಡು ದಿನ ಗೊಣಗಲಿ, ಪರವಾಗಿಲ್ಲ. ಮೂರನೇ ದಿನ ಅದು ಏನನ್ನು ಹಿಡಿದು ಕೂರುತ್ತದೋ ಗಮನಿಸಿ. ಹಳೇ ರೇಡಿಯೋ ಬಿಚ್ಚಬಹುದು, ಇರುವೆ ನೋಡುತ್ತಾ ಕೂರಬಹುದು. ಪಕ್ಕದಲ್ಲಿ ಹೋಗಿ ಕೂತು, "ಏನಿದು, ನನಗೂ ಹೇಳು" ಅನ್ನಿ. ಫೋಟೋ ತೆಗೆದು ವಾಟ್ಸಾಪಿಗೆ ಮಾತ್ರ ಹಾಕಬೇಡಿ.