ವರ್ಣತಂತುಗಳ ದಪ್ತರ ಎಲ್ಲರಿಗೂ ತೆರೆದಿರಲಿ

ತುಕ್ಕು ರೋಗ, ಎಲೆಚುಕ್ಕೆ ರೋಗಗಳಿಂದ ಶೇಂಗಾ ಹೊಲ ಸೊರಗುವುದನ್ನು ಕಂಡ ಅನೇಕ ರೈತರಿಗೆ ಜಿ.ಪಿ.ಬಿ.ಡಿ.-4 ತಳಿಯ ಪರಿಚಯವಿದೆ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಈ ತಳಿ ಎರಡೂ ರೋಗಗಳನ್ನು ತಡೆದುಕೊಳ್ಳುತ್ತದೆ. ಆ ಶಕ್ತಿ ಬಂದುದು ದಕ್ಷಿಣ ಅಮೆರಿಕದ ಒಂದು ಕಾಡು ಶೇಂಗಾದಿಂದ.

ಕಾಡುಗಿಡದ ಗುಣವನ್ನು ಬೆಳೆಗೆ ತರುವುದು ಸುಲಭವಲ್ಲ. ವಂಶದ ಗುಣಗಳನ್ನು ಹೊತ್ತ ವರ್ಣತಂತುಗಳು ಗಿಡದ ಪ್ರತಿ ಜೀವಕೋಶದಲ್ಲೂ ಇರುತ್ತವೆ. ಜೋಳಕ್ಕೆ 20, ಭತ್ತಕ್ಕೆ 24, ರಾಗಿಗೆ 36. ನಮ್ಮ ಶೇಂಗಾಕ್ಕೆ 40. ಆ ಕಾಡು ಶೇಂಗಾಕ್ಕೆ 20 ಮಾತ್ರ. ಎರಡನ್ನೂ ನೇರವಾಗಿ ಕೂಡಿಸಿದರೆ 30 ವರ್ಣತಂತುಗಳ ಗಿಡ ಹುಟ್ಟುತ್ತದೆ. ಜೋಡಿ ಹೊಂದದೆ ಅದು ಬಹುಮಟ್ಟಿಗೆ ಕಾಯಿ ಕಟ್ಟುವುದಿಲ್ಲ. ವರ್ಣತಂತುಗಳನ್ನು ಔಷಧದಿಂದ ಇಮ್ಮಡಿ ಮಾಡಿ, ಮತ್ತೆ ಶೇಂಗಾದೊಡನೆಯೇ ಕೂಡಿಸುತ್ತ 40ಕ್ಕೆ ತರುವುದು ಇದಕ್ಕಿರುವ ಒಂದು ದಾರಿ. ಲೆಕ್ಕ ಮೊದಲೇ ಗೊತ್ತಿದ್ದರೆ ದಾರಿ ಕಾಣುತ್ತದೆ. ಇಲ್ಲವಾದರೆ ವರ್ಷಗಟ್ಟಲೆ ಪಟ್ಟ ಶ್ರಮ ನೀರುಪಾಲು.

ಎಳೆಯ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುವ ಕೆಲಸವಿದು. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ದುಡಿದಿದ್ದ ಜಾನಕಿ ಅಮ್ಮಾಳ್ ಅವರು ಇಂಗ್ಲೆಂಡಿನ ಡಾರ್ಲಿಂಗ್ಟನ್ ಅವರೊಡನೆ ಸೇರಿ, ಬೆಳೆಗಿಡಗಳ ಇಂಥ ಲೆಕ್ಕಗಳನ್ನು 1945ರಲ್ಲಿ ಗ್ರಂಥವಾಗಿ ಹೊರತಂದರು. ಟೆಲ್ ಅವೀವ್ ವಿಶ್ವವಿದ್ಯಾನಿಲಯದವರು ಹಲವು ಮೂಲಗಳ ಲೆಕ್ಕಗಳನ್ನು ಗಣಕಯಂತ್ರದಲ್ಲಿ ಒಟ್ಟುಗೂಡಿಸಿ, 2015ರಲ್ಲಿ ಎಲ್ಲರೂ ನೋಡುವಂತೆ ತೆರೆದಿಟ್ಟರು.

ಆದರೆ ದಪ್ತರ ಒಮ್ಮೆ ಬರೆದಿಟ್ಟರೆ ಸಾಲದು. ಹೊಲ ಕೈಬದಲಾದರೂ ಪಹಣಿಯಲ್ಲಿ ಹಳೆಯ ಹೆಸರೇ ಉಳಿದರೆ ಏನು ತೊಂದರೆಯೆಂದು ರೈತರಿಗೆ ಹೇಳಬೇಕಾಗಿಲ್ಲ. ಗಿಡಗಳ ಶಾಸ್ತ್ರೀಯ ಹೆಸರುಗಳೂ ಬದಲಾಗುತ್ತವೆ. ಗರಿಕೆ ಹುಲ್ಲಿನಲ್ಲಿ 18 ವರ್ಣತಂತು ಇರುವುದೂ ಉಂಟು, 36 ಇರುವುದೂ ಉಂಟು. ಎರಡು ಲೆಕ್ಕ ಕಂಡಾಗ ಅದು ನಿಜವಾದ ವ್ಯತ್ಯಾಸವೋ, ಎಣಿಸಿದವರ ತಪ್ಪೋ ತಿಳಿಯಬೇಕು. ಅದಕ್ಕಾಗಿ ಯಾರು, ಯಾವಾಗ, ಯಾವ ಊರಿನ ಗಿಡವನ್ನು ಎಣಿಸಿದರೆಂಬುದು ದಾಖಲಾಗಬೇಕು. ಆ ಗಿಡದ ಒಣಗಿಸಿದ ಮಾದರಿಯೂ ಉಳಿದಿರಬೇಕು. ಒಂದು ತಪ್ಪನ್ನು ತಿದ್ದದಿದ್ದರೆ ಅದೇ ಹತ್ತು ಕಡೆ ನಕಲಾಗುತ್ತದೆ.

‘ನಮ್ಮ ಲೆಕ್ಕವನ್ನು ಪುಕ್ಕಟೆ ಕೊಟ್ಟರೆ ಹೊರದೇಶದ ಬೀಜದ ಕಂಪನಿಗಳಿಗೆ ಲಾಭವಲ್ಲವೆ?’ ಎಂದು ಕೆಲವರು ಕೇಳಬಹುದು. ಲೆಕ್ಕವೇ ಬೇರೆ, ಬೀಜವೇ ಬೇರೆ. ತಳಿಯ ಮೇಲಿನ ರೈತರ ಹಕ್ಕಿಗೆ 2001ರ ಕಾಯಿದೆ ಇದೆ. ಲೆಕ್ಕವನ್ನು ಮುಚ್ಚಿಟ್ಟರೆ ದೊಡ್ಡ ಕಂಪನಿಗೆ ನಷ್ಟವಿಲ್ಲ. ಅದು ಹಣ ಕೊಟ್ಟು ತಾನೇ ಎಣಿಸಿಕೊಂಡೀತು. ಕೈಕಟ್ಟಿದಂತಾಗುವುದು ನಮ್ಮ ಸಣ್ಣ ಸಂಶೋಧನಾ ಕೇಂದ್ರಗಳಿಗೆ, ಅವುಗಳನ್ನು ನಂಬಿದ ಒಣಬೇಸಾಯದ ರೈತನಿಗೆ.

ಹೊಸ ತಳಿ ಬಿಡುಗಡೆಯಾದಾಗ ಸಮಾರಂಭ ನಡೆಯುತ್ತದೆ. ದಪ್ತರ ತಿದ್ದುವವನಿಗೆ ಹಾರವಿಲ್ಲ, ತುರಾಯಿಯಿಲ್ಲ. ಆದರೂ ಅವನ ಸಂಬಳಕ್ಕೆ ವರ್ಷ ವರ್ಷವೂ ಹಣ ತೆಗೆದಿರಿಸಬೇಕು. ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ಎಣಿಸಿದ ಲೆಕ್ಕಗಳು ಪ್ರಬಂಧಗಳೊಡನೆ ಕಪಾಟಿನಲ್ಲಿ ಕೂರದೆ ತೆರೆದ ದಪ್ತರವನ್ನು ಸೇರಬೇಕು. ಜನರ ತೆರಿಗೆ ಹಣದಿಂದ ಎಣಿಸಿದ ಲೆಕ್ಕ ಜನರಿಗೇ ಸೇರಿದ್ದು.