ಕಾರಿನೊಳಗೆ ಪೆಟ್ರೋಲ್ ವಾಸನೆ: ಸೆಂಟ್ ಹಾಕಿ ಮುಚ್ಚಬೇಡಿ



ಊರಿಗೆ ಹೊರಡುವ ಹಿಂದಿನ ರಾತ್ರಿ ನಾವೆಲ್ಲ ತಪ್ಪದೆ ಮಾಡುವ ಕೆಲಸ ಟ್ಯಾಂಕ್ ಫುಲ್ ಮಾಡಿಸುವುದು. ಹೋದ ದಸರಾಕ್ಕೆ ನಾವೂ ಹಾಗೇ ಪುಣೆಯಿಂದ ಧಾರವಾಡಕ್ಕೆ ಹೊರಟೆವು. ಸಾತಾರಾ ಮುಟ್ಟುವ ಮೊದಲೇ ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ತಲೆನೋವು, ಎರಡು ಸಲ ವಾಂತಿ. ಘಾಟ್ ರಸ್ತೆಯಲ್ಲಿ ಇದೆಲ್ಲ ಇದ್ದದ್ದೇ ಎಂದು ನಿಂಬೆಹಣ್ಣು ಮೂಸಲು ಕೊಟ್ಟೆವು. "ಪೆಟ್ರೋಲ್ ವಾಸನಿ ಬರಾಕತ್ತೈತಿ ನೋಡಪಾ" ಎಂದು ಅವ್ವ ಹೇಳಿದಾಗ ನಾನು ಮಾಡಿದ್ದು, ಕಾರಿನ ಸೆಂಟ್ ಬಾಟಲಿಯನ್ನು ಇನ್ನಷ್ಟು ತಿರುವಿ ಎ.ಸಿ. ಜೋರು ಮಾಡಿದ್ದು!

ಧಾರವಾಡದಲ್ಲಿ ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿ ತೋರಿಸಿದ. ಅದರ ಕೆಳಗಿನ ಫ್ಯೂಯಲ್ ಪಂಪಿನ ರಬ್ಬರ್ ಸೀಲ್ ಬಿರಿದಿತ್ತು. ಮಗಳು ಕೂತಿದ್ದು ಸರಿಯಾಗಿ ಅದರ ಮೇಲೆ. ಟ್ಯಾಂಕ್ ತುಂಬಿದಾಗ ಮಾತ್ರ ಸೋರುತ್ತಿದ್ದರಿಂದ, ಐನೂರು ರೂಪಾಯಿ ಪೆಟ್ರೋಲಿನಲ್ಲಿ ಆಫೀಸಿಗೆ ಓಡಾಡುವ ನನಗೆ ಗೊತ್ತೇ ಆಗಿರಲಿಲ್ಲ.

"ಸರ್ವಿಸಿಂಗ್‌ಗೆ ಕೊಟ್ಟಾಗ ನೋಡೋಣ" ಎನ್ನುವ ವಿಷಯ ಇದಲ್ಲ ಎಂದು ಆವತ್ತಿನಿಂದ ಹೇಳುತ್ತಲೇ ಇದ್ದೇನೆ. ಪೆಟ್ರೋಲ್ ಆವಿಯಿಂದ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸು ಬರುತ್ತದೆ. ಅದರಲ್ಲಿರುವ ಬೆಂಜೀನ್ ದೀರ್ಘಕಾಲ ಒಳಗೆ ಹೋದರೆ ರಕ್ತದ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಒಂದು ದಿನದ ವಾಸನೆಗೆ ಹೆದರಬೇಕಿಲ್ಲ (ಹೆದರಿಸುವ ಮೆಸೇಜುಗಳು ಈಗಾಗಲೇ ಸಾಕಷ್ಟಿವೆ). ಆದರೆ ಮೂಗು ಸ್ವಲ್ಪ ಹೊತ್ತಿಗೇ ವಾಸನೆಗೆ ಒಗ್ಗಿಹೋಗುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಎ.ಸಿ. ಆ ಆವಿಯನ್ನೂ ಸುತ್ತಿಸುತ್ತಿರುತ್ತದೆ. ಅದರ ಮೇಲೆ ಸೆಂಟ್ ಬೇರೆ ಹಾಕಿದರೆ, ಇದ್ದ ಒಂದು ಸೂಚನೆಯೂ ಹೋಯಿತು.

ಮೊದಲು ಟ್ಯಾಂಕಿನ ಮುಚ್ಚಳ, ಅದರ ರಬ್ಬರ್ ನೋಡಿ. ಪಂಪಿನಲ್ಲಿ ನಳಿಕೆ ತಾನಾಗಿ ನಿಂತ ಮೇಲೂ ರೌಂಡ್ ಫಿಗರ್‌ಗೆಂದು ಹಾಕಿಸುವ ಚಟ ಬಿಡಿ. ಆವಿ ಹೀರಲು ಇಟ್ಟಿರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಕೆಡುತ್ತದೆ. ಸೊಸೈಟಿ ಪಾರ್ಕಿಂಗ್‌ನ ಇಲಿಗಳು ಪೈಪ್ ಕಡಿಯುವುದೂ ಉಂಟು. ಡಿಕ್ಕಿಯಲ್ಲಿ ಕ್ಯಾನ್ ಇಟ್ಟುಕೊಂಡು ಓಡಾಡುವವರಿಗೆ ಏನು ಹೇಳಲಿ!

ಮುಂಬೈ, ಪುಣೆ, ದೆಹಲಿಯಲ್ಲಿ ಸಿ.ಎನ್.ಜಿ. ಕಾರು ಇಟ್ಟವರು ಇನ್ನೂ ಹುಷಾರಾಗಿರಬೇಕು. ಆ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಕೊಳೆತ ವಾಸನೆಯ ಪದಾರ್ಥ ಬೆರೆಸಿರುತ್ತಾರೆ. ನಿಮ್ಮ ಸಿಲಿಂಡರಿನ ಹೈಡ್ರೋ ಟೆಸ್ಟ್ 3 ವರ್ಷಕ್ಕೊಮ್ಮೆ ಆಗಲೇಬೇಕು. ಕೊನೆಯ ಸಲ ಯಾವಾಗ ಮಾಡಿಸಿದಿರಿ, ನೆನಪಿದೆಯೇ?

ದಾರಿಯಲ್ಲಿ ವಾಸನೆ ಜೋರಾದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಲ್ಲರನ್ನೂ ಇಳಿಸಿ, ಬಾಗಿಲು ತೆರೆದಿಟ್ಟು ದೂರ ಹೋಗಿ ನಿಲ್ಲಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಸೋರಿಕೆ ಎಲ್ಲಿದೆ ಎಂದು ನೋಡಲು ಮತ್ತೆ ಸ್ಟಾರ್ಟ್ ಮಾಡಬೇಡಿ. ಹೊರಗಿನ ಗಾಳಿಗೆ ಬಂದ ಮೇಲೂ ತಲೆಸುತ್ತು ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ನಮ್ಮ ಸೀಲ್ ಬದಲಿಸಲು ಹಿಡಿದದ್ದು ಒಂದು ಗಂಟೆ. ವಾಪಸ್ ಬರುವಾಗ ಅದೇ ಘಾಟಿನಲ್ಲಿ ಮಗಳು ಚುರುಮುರಿ ತಿನ್ನುತ್ತ ಬಂದಳು.