ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ

ಕಳೆದ ಬೇಸಿಗೆಯಲ್ಲಿ ಬೇರೊಂದು ಸುದ್ದಿಗಾಗಿ ಕಲಬುರಗಿಯ ಗಾಜಿಪುರಕ್ಕೆ ಹೋಗಿದ್ದೆವು. ಅಲ್ಲಿ ನಮಗೆ ಪರಿಚಯದ ತಂಗಿಯೊಬ್ಬಳು ಬಾಡಿಗೆ ಕೋಣೆಯಲ್ಲಿ ಇರುತ್ತಾಳೆ. ಊರು ಕಮಲಾಪುರ ತಾಲೂಕಿನ ಒಂದು ಹಳ್ಳಿ. ಹುಟ್ಟಿದಾಗ ಮನೆಯವರು ಗಂಡು ಹೆಸರು ಇಟ್ಟಿದ್ದರು. ಈಗ ಆಕೆ ಹೆಣ್ಣಾಗಿ ಬದುಕುತ್ತಿದ್ದಾಳೆ, ಹೆಸರು ಬದಲಿಸಿಕೊಂಡಿದ್ದಾಳೆ. ಎರಡೂ ಹೆಸರು ಇಲ್ಲಿ ಬೇಡ.

ಆ ಬಿಸಿಲಲ್ಲಿ, ಮನೆಯೊಳಗೂ ಆಕೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು. ಕೇಳಿದ್ದಕ್ಕೆ ಸರಿಸಿ ತೋರಿಸಿದಳು. ಕೆನ್ನೆ ಕೆಂಪಗೆ ಬೆಂದಂತಾಗಿತ್ತು. ಸಣ್ಣ ಸಣ್ಣ ರಕ್ತನಾಳ ಗೆರೆಯಂತೆ ಕಾಣುತ್ತಿದ್ದವು. ಗಲ್ಲದ ಮೇಲೆ ಮೊಡವೆ.

"ಅಣ್ಣಾ, ಕ್ರೀಮ್ ಹಚ್ಚಿದ್ರ ಮಾರಿ ನುಣ್ಣಗ ಇರ್ತದ. ಎರಡು ದಿನ ಬಿಟ್ರ ಬೆಂಕಿ ಬಿದ್ದಂಗ ಉರೀತದ" ಅಂದಳು.

ಟ್ಯೂಬ್ ಕೇಳಿದೆವು. ಮುಂದೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು. ಹಿಂದೆ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಮಾತ್ರ ಓದಲು ಬರುವಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಮೂರು ಔಷಧಿಗಳ ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಆಕೆ ಅಂಗಡಿಯಲ್ಲಿ ಕೇಳಿದ್ದು ಟ್ರೆಟಿನಾಯಿನ್ ಒಂದನ್ನೇ. ಗೆಳತಿಯರು ಅದರ ಹೆಸರು ಹೇಳಿದ್ದರು. ಮೆಡಿಕಲ್‌ನವರು ಕೊಟ್ಟಿದ್ದು ಮೂರೂ ಕೂಡಿಸಿದ ಟ್ಯೂಬ್. ಡಾಕ್ಟರ್ ಚೀಟಿ ಕೇಳಲಿಲ್ಲ, ಎಷ್ಟು ದಿನ ಹಚ್ಚಬೇಕೆಂದು ಹೇಳಲಿಲ್ಲ. ಆಕೆ ಏಳು ತಿಂಗಳು ಹಚ್ಚಿದ್ದಳು.

ಇದನ್ನು ಬರೆಯಲು ಕೂತಾಗ ನಮ್ಮಲ್ಲೇ ಒಬ್ಬರು ಕೇಳಿದರು, "ಕುಡಿಯೋ ನೀರಿಲ್ಲ, ತೊಗರಿಗೆ ದರ ಇಲ್ಲ, ಇಂಥಾದ್ರಾಗ ಮಾರಿಗೆ ಹಚ್ಚೋ ಕ್ರೀಮಿನ ಸುದ್ದಿ ಯಾಕ?" ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಆ ತಂಗಿಗೆ ಮುಖ ಅಂದರೆ ಶೋಕಿಯಲ್ಲ. ಬಸ್ಸಿನ ಕಂಡಕ್ಟರ್ "ಎಲ್ಲಿಗವ್ವಾ?" ಅನ್ನುತ್ತಾರೋ "ಎಲ್ಲಿಗಲೇ?" ಅನ್ನುತ್ತಾರೋ, ಮನೆ ಮಾಲೀಕರು ಕೋಣೆ ಕೊಡುತ್ತಾರೋ ಬಾಗಿಲು ಹಾಕುತ್ತಾರೋ, ರಾತ್ರಿ ನಿಲ್ದಾಣದಲ್ಲಿ ಯಾರು ಹಿಂದೆ ಬೀಳುತ್ತಾರೆ, ಇದೆಲ್ಲ ಬಹಳ ಸಲ ಆಕೆಯ ಗಲ್ಲ ನೋಡಿಯೇ ತೀರ್ಮಾನ ಆಗುತ್ತದೆ. ತೀರ್ಮಾನ ಮಾಡುವವರು ನಾವು. ಕ್ರೀಮ್ ಹಚ್ಚಿಕೊಂಡು ಸುಟ್ಟುಕೊಳ್ಳುವವಳು ಆಕೆ.

ಹಾಗಾದರೆ ಆ ಔಷಧಿಯೇ ಕೆಟ್ಟದ್ದೋ? ಅಲ್ಲ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

ರೆಟಿನಾಯ್ಡ್ ಅಂದರೆ ವಿಟಮಿನ್ ಎ ಕುಲದ ಔಷಧಿಗಳು. ಟ್ರೆಟಿನಾಯಿನ್, ಅಡಾಪಲಿನ್ ಇದೇ ಕುಲದವು. ಮೊಡವೆಗೆ ಇವನ್ನು ಡಾಕ್ಟರ್‌ಗಳು ದಶಕಗಳಿಂದ ಬರೆದುಕೊಡುತ್ತಿದ್ದಾರೆ. ಚರ್ಮದ ಹಳೆ ಪದರ ಬೇಗ ಉದುರಿ ಹೊಸದು ಬರುವಂತೆ ಮಾಡುತ್ತವೆ, ಮುಚ್ಚಿದ ರಂಧ್ರ ತೆರೆಸುತ್ತವೆ, ಕಪ್ಪು ಕಲೆ ತಿಳಿಯಾಗಲು ನೆರವಾಗುತ್ತವೆ. ಆದರೆ ನಿಧಾನ. ಗುಣ ಕಾಣಲು ಎರಡರಿಂದ ಮೂರು ತಿಂಗಳು ಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗುವುದು, ಸಿಪ್ಪೆ ಏಳುವುದು, ಉರಿಯುವುದು ಸಾಮಾನ್ಯ.

ಇನ್ನೊಂದು ಮಾತು ಸ್ಪಷ್ಟ ಇರಲಿ. ಈ ಕ್ರೀಮ್ ಗಂಡು ಮುಖವನ್ನು ಹೆಣ್ಣು ಮುಖ ಮಾಡುವುದಿಲ್ಲ. ಅದು ಹಾರ್ಮೋನ್ ಅಲ್ಲ. ಡಾಕ್ಟರ್ ನಿಗಾದಲ್ಲಿ ಈಸ್ಟ್ರೋಜನ್ ತೆಗೆದುಕೊಳ್ಳುವವರಿಗೆ ಮೂರರಿಂದ ಆರು ತಿಂಗಳಲ್ಲಿ ಚರ್ಮದ ಎಣ್ಣೆ ಕಡಿಮೆಯಾಗಿ ಮೆತ್ತಗಾಗಲು ಶುರುವಾಗುತ್ತದೆ. ಆಗ ರೆಟಿನಾಯ್ಡ್ ಹಚ್ಚಿದರೆ ಒಣಗಿದ ಚರ್ಮ ಇನ್ನಷ್ಟು ಒಣಗಬಹುದು. ಗಡ್ಡದ ಕೂದಲು ಮಾತ್ರ ಹಾರ್ಮೋನಿನಿಂದಲೂ ಪೂರ್ತಿ ಹೋಗುವುದಿಲ್ಲ, ಕ್ರೀಮಿನಿಂದಲಂತೂ ಹೋಗುವುದೇ ಇಲ್ಲ. ಅದಕ್ಕೆ ಲೇಸರ್, ಎಲೆಕ್ಟ್ರೊಲಿಸಿಸ್ ಎಂಬ ಬೇರೆ ದಾರಿಗಳಿವೆ. ಅವಕ್ಕೆ ದುಡ್ಡು ಬೇಕು.

ದುಡ್ಡಿಲ್ಲದವರು ಏನು ಮಾಡುತ್ತಾರೆ? ಚಿಮಟದಿಂದ ಒಂದೊಂದೇ ಕೂದಲು ಕೀಳುತ್ತಾರೆ. ಕಿತ್ತ ಜಾಗ ಬಾಯುತ್ತದೆ, ಕೆಲವು ಕೂದಲು ಚರ್ಮದೊಳಗೇ ಸುರುಳಿ ಸುತ್ತಿ ಬೆಳೆಯುತ್ತವೆ, ಗುಳ್ಳೆ ಏಳುತ್ತವೆ, ಮಾಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಆ ಕಲೆ ತೆಗೆಯಲು ಮೆಡಿಕಲ್‌ಗೆ ಹೋಗುತ್ತಾರೆ. ಅಲ್ಲಿ ಮೂರು ಕೂಡಿಸಿದ ಟ್ಯೂಬ್ ಕೈಗೆ ಬರುತ್ತದೆ. ನಮ್ಮ ತಂಗಿಯ ಕಥೆಯೂ ಇದೇ.

ಹೆಣ್ಣಿನಿಂದ ಗಂಡಾಗಿ ಬದುಕಲು ಹೊರಟವರ ಕಷ್ಟ ಬೇರೆ. ಟೆಸ್ಟೋಸ್ಟಿರೋನ್ ಶುರು ಮಾಡಿದ ಮೊದಲ ತಿಂಗಳುಗಳಲ್ಲೇ ಮುಖ, ಬೆನ್ನಿನ ಮೇಲೆ ಮೊಡವೆ ಬರಬಹುದು. ಅದಕ್ಕೆ ರೆಟಿನಾಯ್ಡ್ ಸರಿಯಾದ ಮದ್ದೇ. ಆದರೆ ಇದೇ ಕುಲದ ಐಸೊಟ್ರೆಟಿನಾಯಿನ್ ಗುಳಿಗೆಯನ್ನು ಗರ್ಭಕೋಶ ಇರುವವರು ಡಾಕ್ಟರ್‌ಗೆ ಹೇಳದೆ ನುಂಗಬಾರದು. ಗರ್ಭ ನಿಂತರೆ ಮಗುವಿಗೆ ಘೋರ ಅಂಗದೋಷ ಬರಬಹುದು. ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲುವುದಿಲ್ಲ ಎಂಬ ಮಾತು ಸುಳ್ಳು.

ಈಗ ಆ ಮೂರು ಕೂಡಿಸಿದ ಟ್ಯೂಬಿನ ವಿಷಯಕ್ಕೆ ಬರೋಣ. ಇದರ ಮೂಲ 1975ರದ್ದು. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಜೊತೆಗಾರ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಕೂಡಿಸಿದರು. ಮುಖದ ಮೇಲಿನ ಬಂಗಿನಂಥ ಕಪ್ಪು ಕಲೆಗೆ ಡಾಕ್ಟರ್ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚುವ ಮದ್ದು ಅದು. ನಮ್ಮ ದೇಶದಲ್ಲಿ ಸ್ಟೀರಾಯ್ಡಿನ ಜಾಗಕ್ಕೆ ಮೊಮೆಟಾಸೋನ್ ಬಂತು. ಕೆಲವು ವಾರದ ಮದ್ದು ತಿಂಗಳುಗಟ್ಟಲೆ ಹಚ್ಚುವ ಫೇರ್‌ನೆಸ್ ಕ್ರೀಮ್ ಆಗಿಹೋಯಿತು.

ಸ್ಟೀರಾಯ್ಡ್ ಮೋಸಗಾರ. ಹಚ್ಚಿದ ವಾರದಲ್ಲೇ ಕೆಂಪು ಇಳಿಯುತ್ತದೆ, ಬಾವು ಹೋಗುತ್ತದೆ, ಮುಖ ಬೆಳ್ಳಗೆ ನುಣ್ಣಗೆ ಕಾಣುತ್ತದೆ. ಎಲ್ಲರೂ "ಏನ್ ಹಚ್ಚೀದಿ?" ಎಂದು ಕೇಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಬೇಡದ ಕಡೆ ಕೂದಲು ಬೆಳೆಯುತ್ತದೆ. ಗಡ್ಡದ ಗುರುತು ಅಳಿಸಬೇಕೆಂದು ಹಚ್ಚಿದವಳಿಗೆ ಕೊನೆಗೆ ಮುಖದ ಮೇಲೆ ಕೂದಲು! ಬಿಡೋಣ ಎಂದರೆ ಉರಿ. ಹೀಗಾಗಿ ಮತ್ತೆ ಹಚ್ಚುತ್ತಾರೆ. ಚರ್ಮದ ಡಾಕ್ಟರ್‌ಗಳು ಇದಕ್ಕೆ ಒಂದು ಹೆಸರನ್ನೇ ಇಟ್ಟಿದ್ದಾರೆ: ಸ್ಟೀರಾಯ್ಡಿನಿಂದ ಹಾಳಾದ ಮುಖ.

ಇದು ಲಿಂಗತ್ವ ಅಲ್ಪಸಂಖ್ಯಾತರ ಒಬ್ಬರದೇ ತೊಂದರೆ ಎಂದು ತಿಳಿಯಬೇಡಿ. 2011ರಲ್ಲಿ ದೇಶದ ಚರ್ಮತಜ್ಞರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮುಖದ ತೊಂದರೆಯೆಂದು ಬಂದ 2,926 ಜನರನ್ನು ನೋಡಿದ್ದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಈ 433ರಲ್ಲಿ 257 ಜನರಿಗೆ ಆ ಟ್ಯೂಬ್ ಹೇಳಿಕೊಟ್ಟವರು ಡಾಕ್ಟರೇ ಅಲ್ಲ. ಜೋರಾದ ಸ್ಟೀರಾಯ್ಡ್ ಬಳಕೆ ಹಳ್ಳಿ ಮತ್ತು ನಗರದ ಅಂಚಿನವರಲ್ಲಿ ಹೆಚ್ಚಿತ್ತು. ಅಂದರೆ ನಮ್ಮಲ್ಲಿ. ಮದುವೆ ಗೊತ್ತಾದ ಹುಡುಗಿಯ ಬ್ಯಾಗಿನಲ್ಲಿ, ಕಾಲೇಜು ಹುಡುಗನ ಟ್ರಂಕಿನಲ್ಲಿ, ನಮ್ಮ ನಿಮ್ಮ ಮನೆಯ ಕನ್ನಡಿಯ ಹಿಂದೆ ಇದೇ ಟ್ಯೂಬ್ ಇರಬಹುದು.

ಕಾನೂನು ಇಲ್ಲವೇ? ಇದೆ. ಮಾರ್ಚ್ 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮೆಡಿಕಲ್‌ನಲ್ಲಿ ಸೋಪಿನಂತೆ ಸಿಗುತ್ತದೆ.

ಮೆಡಿಕಲ್‌ನವರನ್ನು ಬೈದು ಕೈತೊಳೆದುಕೊಂಡರೆ ಮುಗಿಯಲಿಲ್ಲ. ಆ ತಂಗಿ ಡಾಕ್ಟರ್ ಹತ್ತಿರ ಯಾಕೆ ಹೋಗಲಿಲ್ಲ? ಹೋಗಿದ್ದಳು. ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸರದಿಯಲ್ಲಿ ಕೂತಿದ್ದಳು. ಬಾಗಿಲ ಮೇಲೆ ಬೋರ್ಡ್: ಚರ್ಮ ಮತ್ತು ಗುಪ್ತರೋಗ ವಿಭಾಗ. ಎರಡೂ ರೋಗಕ್ಕೆ ಒಬ್ಬರೇ ಡಾಕ್ಟರ್ ಇರುವುದು ಎಲ್ಲ ಕಡೆ ಇರುವ ಪದ್ಧತಿ, ತಪ್ಪಲ್ಲ. ಆದರೆ ಆಕೆಯಂಥವರು ಆ ಬೋರ್ಡಿನ ಕೆಳಗೆ ಕೂತರೆ ನೋಡುವವರು ಮೊಡವೆಗೆ ಬಂದಿದ್ದಾರೆ ಎಂದುಕೊಳ್ಳುವುದಿಲ್ಲ. ಅದನ್ನೂ ಸಹಿಸಿ ಕೂತಿದ್ದಳು. ಆಮೇಲೆ ಒಳಗಿನಿಂದ ಒಬ್ಬರು ಆಧಾರ್‌ನಲ್ಲಿದ್ದ ಹಳೆಯ ಹೆಸರನ್ನು ಜೋರಾಗಿ ಕೂಗಿದರು. ಸೀರೆ ಉಟ್ಟ ಆಕೆ ಎದ್ದು ನಿಂತರೆ ಇಡೀ ಸಾಲು ತಿರುಗಿ ನೋಡುತ್ತದೆ. ಮತ್ತೊಮ್ಮೆ ಕೂಗಿದರು. ಆಕೆ ಏಳಲಿಲ್ಲ. ಸುಮ್ಮನೆ ಹೊರಗೆ ನಡೆದು, ಎದುರಿನ ಮೆಡಿಕಲ್‌ಗೆ ಹೋದಳು. ಅಲ್ಲಿ ಯಾರೂ ಹೆಸರು ಕೇಳಲಿಲ್ಲ.

ನಮಗೆ ಕಾಣುವ ಸಂಗತಿ ಇದು. ಮೆಡಿಕಲ್‌ನಲ್ಲಿ ಮರ್ಯಾದೆ ಪುಕ್ಕಟೆ ಸಿಗುತ್ತದೆ, ತಪ್ಪು ಔಷಧಿ ಅದರ ಜೊತೆಗೆ ಬರುತ್ತದೆ. ಆಸ್ಪತ್ರೆಯಲ್ಲಿ ಸರಿಯಾದ ಔಷಧಿ ಇದೆ, ಅದಕ್ಕೆ ಮರ್ಯಾದೆ ಬಿಟ್ಟು ಹೋಗಬೇಕು. ಈ ವ್ಯಾಪಾರ ತಪ್ಪಬೇಕು.

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ತೀರ್ಪು ಕೊಟ್ಟಾಗಲೇ ಇವರಿಗೆ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಸಿಗಬೇಕೆಂದು ಹೇಳಿತ್ತು. ಕರ್ನಾಟಕ ಸರ್ಕಾರ 2017ರಲ್ಲಿ ಇವರಿಗಾಗಿ ರಾಜ್ಯ ನೀತಿ ತಂದಿತು. 2019ರ ಕೇಂದ್ರ ಕಾಯ್ದೆ ಆಸ್ಪತ್ರೆಗಳಲ್ಲಿ ಭೇದ ಮಾಡಬಾರದೆಂದಿತು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಸರದಿಯ ಸಾಲಿನಲ್ಲಿ ಹಳೆ ಹೆಸರು ಕೂಗುವುದು ನಿಂತಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಹೊರರೋಗಿ ವಿಭಾಗದಲ್ಲಿ ಹೆಸರು ಕೂಗಬೇಡಿ, ಟೋಕನ್ ನಂಬರ್ ಕೂಗಿ. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ, ಆದೇಶಕ್ಕೆ ಕಾಯುವುದೂ ಬೇಡ. ನಾಳೆ ಬೆಳಿಗ್ಗೆಯಿಂದಲೇ ಆಗುತ್ತದೆ. ಕ್ಷಯದವರಿಗೂ, ಕುಷ್ಠದವರಿಗೂ, ಬಸುರಿ ಹುಡುಗಿಯರಿಗೂ ಇದರಿಂದ ಒಳ್ಳೆಯದೇ ಆಗುತ್ತದೆ. ಔಷಧ ನಿಯಂತ್ರಣ ಇಲಾಖೆಯವರು ತಾಲೂಕು ಮಟ್ಟದ ಅಂಗಡಿಗಳಲ್ಲಿ ಸ್ಟೀರಾಯ್ಡ್ ಟ್ಯೂಬುಗಳ ಮಾರಾಟದ ಲೆಕ್ಕ ಒಮ್ಮೆ ನೋಡಲಿ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಈ ಟ್ಯೂಬಿನ ಫೋಟೊ ತೋರಿಸಿ ನಾಲ್ಕು ಮಾತು ಹೇಳಿಕೊಟ್ಟರೆ ಮನೆಮನೆಗೆ ಮುಟ್ಟುತ್ತದೆ.

ಓದುವ ನಿಮಗೂ ಕೆಲವು ಮಾತು.

ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ. ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್: ಹೆಸರಿನ ಕೊನೆಯಲ್ಲಿ ಸೋನ್, ಸೋಲ್, ಲೋನ್ ಎಂದು ಕೇಳಿಸಿದರೆ ಸ್ಟೀರಾಯ್ಡ್ ಇರಬಹುದೆಂದು ಎಚ್ಚರವಾಗಿ, ಡಾಕ್ಟರ್‌ಗೆ ತೋರಿಸಿ.

ತಿಂಗಳುಗಟ್ಟಲೆ ಹಚ್ಚಿದ್ದರೆ ಹೆದರಿ ಒಮ್ಮೆಲೇ ಬಿಟ್ಟು ಮನೆಯಲ್ಲಿ ನರಳಬೇಡಿ. ಚರ್ಮದ ಡಾಕ್ಟರ್ ಬಳಿ ಹೋಗಿ, ಟ್ಯೂಬ್ ಜೊತೆಗೆ ಒಯ್ಯಿರಿ. ಬಿಡಿಸುವ ಕ್ರಮ ಅವರು ಹೇಳುತ್ತಾರೆ.

ಡಾಕ್ಟರ್ ಬರೀ ರೆಟಿನಾಯ್ಡ್ ಬರೆದುಕೊಟ್ಟರೆ, ರಾತ್ರಿ ಮಾತ್ರ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಕಣ್ಣು, ತುಟಿಯ ಹತ್ತಿರ ಬೇಡ. ಮೊದಲು ವಾರಕ್ಕೆ ಎರಡು ಮೂರು ರಾತ್ರಿ, ಚರ್ಮ ತಾಳಿದರೆ ಮುಂದೆ ಹೆಚ್ಚು. ಹೆಚ್ಚು ಹಚ್ಚಿದರೆ ಬೇಗ ಗುಣ ಬರುವುದಿಲ್ಲ, ಸುಡುತ್ತದೆ. ಈ ದಿನಗಳಲ್ಲಿ ಬಿಸಿಲು ಬೇಗ ತಾಗುತ್ತದೆ. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಸನ್‌ಸ್ಕ್ರೀನ್, ಕೊಡೆ, ಸೆರಗು ಮರೆಯಬೇಡಿ. ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಮಾಡಿಸುವ ಮೊದಲು ಕೆಲವು ದಿನ ನಿಲ್ಲಿಸಿ, ಇಲ್ಲದಿದ್ದರೆ ಚರ್ಮವೇ ಕಿತ್ತು ಬರುತ್ತದೆ. ಬಸುರಿಯರು ಹಚ್ಚಬಾರದು.

ಆ ತಂಗಿಯನ್ನು ಮರುವಾರ ಇನ್ನೊಬ್ಬ ಡಾಕ್ಟರ್ ಬಳಿ ಕರೆದೊಯ್ದೆವು. ಈ ಸಲ ಚೀಟಿ ಹಿಡಿದು ನಾವೇ ಬಾಗಿಲಲ್ಲಿ ನಿಂತೆವು, ಹೆಸರು ಕೂಗುವ ಮೊದಲೇ ಒಳಗೆ ಕರೆದೊಯ್ದೆವು. ಡಾಕ್ಟರ್ ಟ್ಯೂಬ್ ನೋಡಿ ಪಕ್ಕಕ್ಕಿಟ್ಟು, "ಏನಂತ ಕರೀಲಿ ನಿಮ್ಮನ್ನ?" ಎಂದು ಕೇಳಿದರು. ಆಕೆ ತನ್ನ ಹೆಸರು ಹೇಳಿದಳು. ಚೀಟಿಯ ಮೇಲಿನ ಅಚ್ಚಾದ ಹೆಸರಿನ ಪಕ್ಕ ಡಾಕ್ಟರ್ ಅದನ್ನು ಪೆನ್ನಿನಿಂದ ಬರೆದುಕೊಂಡರು. ಮುಖ ಪೂರ್ತಿ ತಿಳಿಯಾಗಲು ಇನ್ನೂ ತಿಂಗಳುಗಳು ಬೇಕು. ಆದರೆ ಆಕೆ ತಪ್ಪದೆ ಹೋಗುತ್ತಿದ್ದಾಳೆ.

ಎಲ್ಲರಿಗೂ ಬಾಗಿಲಲ್ಲಿ ನಿಲ್ಲಲು ಪತ್ರಕರ್ತರು ಸಿಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇವೆ, ನಂಬರ್ ಕೂಗಿ. ಮತ್ತೆ ನೀವು, ಈ ಬರಹ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ, ನಿಮ್ಮ ಮನೆಯ ಕನ್ನಡಿಯ ಹಿಂದಿನ ಟ್ಯೂಬನ್ನು ಒಮ್ಮೆ ತಿರುಗಿಸಿ ನೋಡಿ.